ದವಾಖಾನೆಗೆ ಮಾತಾಡಿಸಲು ಬಂದವರು

ಹೋದ ದೀಪಾವಳಿಯ ಹಿಂದುಮುಂದಿನ ಮಾತು. ಸವದತ್ತಿಯಿಂದ ಸುರೇಬಾನದ ಕಡೆಗೆ ಹೊರಟಿದ್ದೆ. ಮನೋಳಿಯ ಹತ್ತಿರ ಸರ್ವಿಸ್ ಮೋಟಾರು ಕೆಟ್ಟು ನಿಂತಿತು. ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿದ ಡ್ರೈವರು ಅದನ್ನು ಹೊರಗೆ ತೆಗೆಯುವ ಲಕ್ಷಣ ಕಾಣಲಿಲ್ಲ. ಒಂದು ಕಡೆ ಸುಮ್ಮನೆ ಕೂಡುವ ಗುಣ ನನ್ನದಲ್ಲ. ಊರೊಳಗೆ ನಡೆದು ಹೋದೆ. ಅಲ್ಲಿ ಸರಕಾರಿ ಸಾಲೆಗೆ ಸುಣ್ಣ ಬಡಿಯುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ನಿಂತವು.

ಆ ಸಾಲೆಯಲ್ಲಿ ನಾನು ಕಲಿತವನಲ್ಲ. ಮಹಾಯುದ್ಧ ಮುಗಿಯುತ್ತ ಬಂದಿದ್ದ ವರ್ಷದ ಹಿಂಗಾರಿನಲ್ಲಿ, ಇನ್‌ಫ್ಲುಯೆಂಜಾ ಎಂಬ ಹೆಸರನ್ನು ನಮ್ಮ ಕಡೆಯ ಜನ ಇನ್ನೂ ನೆಟ್ಟಗೆ ಹೇಳಲು ಕಲಿಯುವ ಮೊದಲೇ, ಅದು ದವಾಖಾನೆಯಾಗಿತ್ತು. ನಾನು ಅಲ್ಲಿ ಔಷಧ ಕಲಸುವವನಾಗಿದ್ದೆ. ಒಬ್ಬರು ಸತ್ತರೆ ಅವರು ಮಲಗಿದ್ದ ಬದಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದು ಮುಂದಿನವರನ್ನು ಮಲಗಿಸುತ್ತಿದ್ದೆವು. ಹಾಗಾಗಿ ಆ ಹಿಂಗಾರಿನಲ್ಲಿ ನಮ್ಮ ಗೋಡೆಗಳು ಒಣಗಿದ್ದೇ ಇಲ್ಲ.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಸಾಲೆಯ ಅಂಗಳದಲ್ಲಿ ದೊಡ್ಡದೊಂದು ಹುಣಸೆಯ ಮರವಿತ್ತೆಂದು ಇಷ್ಟು ವರ್ಷ ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಈಗ ಹೋಗಿ ನೋಡಿದರೆ ಅಲ್ಲಿರುವುದು ಬೇವು, ಇಬ್ಬರ ತೆಕ್ಕೆಗೂ ಸಿಗದಷ್ಟು ದಪ್ಪದ್ದು. ಸುಣ್ಣ ಬಡಿಯುತ್ತಿದ್ದವನನ್ನು ಕೇಳಿದೆ. "ನಮ್ಮಜ್ಜನ ಕಾಲದಿಂದ ಬೇವೇ ಐತ್ರಿ" ಅಂದ. ಮರವನ್ನೇ ತಪ್ಪು ನೆನೆಯುವ ಮನುಷ್ಯ ಮಾತುಗಳನ್ನು ಸರಿಯಾಗಿ ಹೇಗೆ ನೆನೆದಾನು? ಆದರೂ ಬರೆಯುತ್ತೇನೆ. ಹುಣಸೆ ಇದ್ದಲ್ಲಿ ಬೇವು ಎಂದು ತಿದ್ದಿಕೊಂಡು.

ಆಗ ನಾನು ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ, ಬಿ.ಎ. ಮುಗಿಸಿ, ಬೈಲಹೊಂಗಲದ ಮನೆಗೆ ಬಂದಿದ್ದೆ. ಅರಳೆಯ ವ್ಯಾಪಾರ ಮಾಡುತ್ತಿದ್ದ ನಮ್ಮ ತಂದೆಯವರೊಂದಿಗೆ ದಿನಾ ಯಾವುದಾದರೊಂದು ವಾದ. ದೇವರಿದ್ದಾನೆಯೇ ಎಂಬಲ್ಲಿಂದ ಶುರುವಾಗಿ ಚಹದಲ್ಲಿ ಬೆಲ್ಲ ಒಳ್ಳೆಯದೋ ಸಕ್ಕರೆಯೋ ಎಂಬಲ್ಲಿಯವರೆಗೆ. ಬೇನೆ ಬಿದ್ದ ಊರುಗಳಲ್ಲಿ ಕೆಲಸಕ್ಕೆ ಓದಿದ ತರುಣರು ಬೇಕು ಎಂದು ಕಚೇರಿಯಿಂದ ಕರೆ ಬಂದಾಗ ಹೆಸರು ಕೊಟ್ಟೆ. ಸೇವೆಯ ಹಂಬಲದಿಂದಲೋ ಮನೆಯಲ್ಲಿ ಬೇಸರ ಬಂದೋ, ಈಗಲೂ ಖಚಿತವಿಲ್ಲ. ತಂದೆಯವರು ಮಾತ್ರ, "ಹೋಗು. ಬ್ಯಾನಿ ಸಂಗಾಟ ವಾದಾ ಮಾಡು, ಅದು ಸೋತ ಓಡಿಹೋದೀತು" ಅಂದರು.

ಮುಂಗಾರು ಕೈಕೊಟ್ಟ ವರ್ಷ ಅದು. ಮಲಪ್ರಭೆ ಆ ಹೊತ್ತಿಗಾಗಲೇ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ಒಣಗಾಳಿ, ಬಾಯಿ ತುಂಬ ಧೂಳು. ಆ ಧೂಳಿನಲ್ಲಿ ಕೆಮ್ಮುವವರಲ್ಲಿ ಬರೀ ಕೆಮ್ಮುವವರು ಯಾರು, ಬೇನೆ ತಗುಲಿದವರು ಯಾರು ಎಂದು ಗುರುತಿಸುವುದೇ ಕಷ್ಟ. ಮರಾಠಿ ಬಲ್ಲವರು ಅದನ್ನು ಮಾನಮೋಡಿ ಅನ್ನುತ್ತಿದ್ದರು, ಕುತ್ತಿಗೆ ಮುರಿಯುವುದು ಎಂದು. ಮುದುಕರನ್ನು ಬಿಟ್ಟು ಪ್ರಾಯದವರನ್ನೇ ಹುಡುಕಿ ಒಯ್ಯುತ್ತಿತ್ತು. ಮುಂಜಾನೆ ನಡೆದುಕೊಂಡು ಬಂದ ಗಟ್ಟಿಮುಟ್ಟಾದ ಆಳಿನ ತುಟಿ ಸಂಜೆಗೆ ನೀಲಿಯಾಗಿರುತ್ತಿತ್ತು.

ನಮ್ಮ ಡಾಕ್ಟರು ಗುರುಪಾದಪ್ಪ, ಕಿತ್ತೂರಿನವರು. ವಯಸ್ಸು ಮೂವತ್ತೈದರ ಆಚೀಚೆ ಇದ್ದೀತು. ನನಗೆ ಆಗ ಬಹಳ ಹಿರಿಯರಂತೆ ಕಂಡಿದ್ದರು. ಡಾಕ್ಟರುಗಳು ಬಹಳ ಮಂದಿ ಯುದ್ಧಕ್ಕೆ ಹೋಗಿದ್ದರಿಂದ ಹೊಳೆಯ ದಂಡೆಯ ಇಷ್ಟೂ ಹಳ್ಳಿಗಳಿಗೆ ಅವರೊಬ್ಬರೇ. ಹೆಂಡತಿ, ಸಣ್ಣ ಮಗಳು ಕಿತ್ತೂರಿನಲ್ಲಿ. ಬೇನೆ ಹೊತ್ತುಕೊಂಡು ಹೋದೇನೆಂದು ಅವರು ಮನೆಯ ಕಡೆ ತಲೆ ಹಾಕಿರಲಿಲ್ಲ. ಇನ್ನೊಬ್ಬ ದುರಗಪ್ಪ, ಊರ ಹೊರಗಿನ ಕೇರಿಯವನು. ರೋಗಿಗಳನ್ನು ಹೊತ್ತು ತರುವುದು, ನೆಲ ತೊಳೆಯುವುದು, ಸುಣ್ಣ ಬಳಿಯುವುದು, ಮಾಡುವವರಿಲ್ಲದ ಹೆಣ ಸಾಗಿಸುವುದು ಅವನ ಕೆಲಸ. ಅವನೂ ಅವನ ತಮ್ಮ ಕರಿಯಪ್ಪನೂ ಕೂಡಿ ಮಾಡುತ್ತಿದ್ದರು. ದುರಗಪ್ಪ ನನ್ನನ್ನು 'ಕಾಲೇಜ ಸಾಹೇಬ್ರ' ಎಂದು ಕರೆಯುತ್ತಿದ್ದ. ಆ 'ಸಾಹೇಬ್ರ'ದಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ತಿಳಿಯುವಷ್ಟು ತರ್ಕವನ್ನು ಪುಣೆಯಲ್ಲಿ ಕಲಿಸಿರಲಿಲ್ಲ.

ಔಷಧವೆಂದರೆ ಏನಿತ್ತು? ಕ್ವಿನೈನು, ನೀಲಗಿರಿ ಎಣ್ಣೆ, ಬಾಯಿ ಮುಕ್ಕಳಿಸಲು ಕೆಂಪು ಔಷಧದ ನೀರು, ಎದೆಗೆ ಕಟ್ಟಲು ಅಗಸಿಯ ಹಿಟ್ಟಿನ ಬಿಸಿ ಪಟ್ಟಿ. ಇವುಗಳಿಂದ ಯಾರು ಉಳಿದರು, ಯಾರು ಇವುಗಳನ್ನು ಲೆಕ್ಕಿಸದೆ ಉಳಿದರು ಎಂದು ಹೇಳಲಾರೆ. ಡಾಕ್ಟರೂ ಹೇಳಲಾರದವರಾಗಿದ್ದರು. ಅದೇ ಅವರನ್ನು ತಿನ್ನುತ್ತಿತ್ತು.

ಬೇನೆಗಿಂತ ಮೊದಲು ನಮ್ಮನ್ನು ಹಿಡಿದದ್ದು ಬೇರೆ ಏನೋ. ನಾನು ರೋಗಿಗಳ ನಾಡಿ ಬಿಟ್ಟು ನನ್ನ ನಾಡಿಯನ್ನೇ ಹಿಡಿದು ನೋಡುತ್ತಿದ್ದೆ. ಕೆಂಪು ಔಷಧದಿಂದ ಮುಕ್ಕಳಿಸಿ ಮುಕ್ಕಳಿಸಿ ಬಾಯಿ ಹುಣ್ಣಾಗಿತ್ತು. ಡಾಕ್ಟರು ಕೈ ತೊಳೆಯುತ್ತಲೇ ಇರುತ್ತಿದ್ದರು. ಬೆರಳುಗಳ ಚರ್ಮ ಒಡೆದು ರಕ್ತ ಜಿನುಗಿದರೂ ಬಿಡುತ್ತಿರಲಿಲ್ಲ. ಹೆದರಿಕೆಯಿಂದ ಊರಿನವರು ಯಾರೂ ನಮ್ಮ ಬಾಗಿಲಿಗೆ ಊಟ ತರುತ್ತಿರಲಿಲ್ಲ. ನಾವು ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದೆವು, ನೆನಪಾದಾಗ. ಕರಿಯಪ್ಪ ಬೇನೆ ತಗುಲಿ ನಮ್ಮಲ್ಲೇ ಸತ್ತ. ದುರಗಪ್ಪ ತಮ್ಮನನ್ನು ಮಣ್ಣು ಮಾಡಿ, ಮರುದಿನವೇ ಸುಣ್ಣದ ಬಕೀಟು ಹಿಡಿದು ಬಂದು, "ಕಾಲೇಜ ಸಾಹೇಬ್ರ, ಇವತ್ತ ಯಾವ ಗ್ವಾಡಿ?" ಎಂದು ಕೇಳಿದ. ನಾನು ಗೋಡೆ ತೋರಿಸಿದೆ.

ಅದಾದ ಮೇಲೆ ಊರಿನ ಒಕ್ಕಲಿಗರ ಮನೆಯ ನೀಲವ್ವ ಎಂಬ ಮುದುಕಿ ಬಸುರಿ ಸೊಸೆಯನ್ನು ಕರೆತಂದಳು. ಸೊಸೆಯ ಹೆಸರು ಶಾಂತವ್ವ. ಒಂದು ಮುಂಜಾನೆ ಅವಳ ಜ್ವರ ಇಳಿದಿತ್ತು, ಗಂಜಿ ಕುಡಿದಳು. ಡಾಕ್ಟರ ಮುಖದಲ್ಲಿ ನಾನು ಬಹಳ ದಿನಗಳ ಮೇಲೆ ನಗು ಕಂಡೆ. "ಉಳೀತಾಳ ಯವ್ವಾ. ಚಿಂತಿ ಮಾಡಬ್ಯಾಡ," ಎಂದು ನೀಲವ್ವನಿಗೆ ತಾವಾಗಿಯೇ ಹೇಳಿದರು. ಮುದುಕಿ ಕೇಳಿರಲಿಲ್ಲ. ಹೊತ್ತು ಇಳಿಯುವುದರೊಳಗೆ ಶಾಂತವ್ವನ ತುಟಿ ನೀಲಿಯಾಯಿತು. ಬೇಗನೆ ಹೋದಳು, ಹೊಟ್ಟೆಯ ಕೂಸಿನೊಂದಿಗೆ.

ಡಾಕ್ಟರು ಅಂದಿನಿಂದ ಉಣ್ಣುವುದನ್ನು ಬಿಟ್ಟರು. ಮಾತೂ ನಿಂತಿತು. ಕೆಲಸ ಮಾಡುತ್ತಿದ್ದರು, ಆದರೆ ರೋಗಿಯ ಮುಖ ನೋಡುತ್ತಿರಲಿಲ್ಲ. ಎದೆ, ನಾಲಿಗೆ, ಕೈ ಅಷ್ಟೇ. ಎರಡು ದಿನ ಕಳೆದು ಒಂದು ಸಂಜೆ ದುರಗಪ್ಪನನ್ನು ಕರೆದರು.

"ನಾಳೆ ಮುಂಜಾನಿ ಧಾರವಾಡಕ್ಕ ಒಂದು ಗಾಡಿ ಹೇಳು."

"ಔಷಧಾ ತರಾಕೇನ್ರಿ?"

"ನಾ ಹೋಗಾಕ."

"ಎಂದ ತಿರಗಿ ಬರ್ತೀರಿ, ಸಾಹೇಬ್ರ?"

ಅವರು ಕೈ ತೊಳೆಯಲು ಹೋದರು. ದುರಗಪ್ಪ ನನ್ನ ಮುಖ ನೋಡಿದ. ನಾನು ಅವರ ಹಿಂದೆಯೇ ಹೋದೆ.

"ನೀವು ಹೋದ್ರ ಇಲ್ಲಿ ಯಾರಿದ್ದಾರ್ರಿ? ಸವದತ್ತಿ ತನಕಾ ಡಾಕ್ಟರ್ ಇಲ್ಲ. ಒಳಗ ಮಲಗಿದವರ ಗತಿ ಏನ್ರಿ?"

"ನಾ ಇದ್ದು ಏನ್ ಆಗೇದ? ನೀವು ತರ್ಕಾ ಓದಿದವರು. ಹೇಳ್ರಿ. ನಾ ಇದ್ದಲ್ಲೂ ಸಾಯ್ತಾರ, ಇಲ್ಲದಲ್ಲೂ ಸಾಯ್ತಾರ. ಅಂದ ಮ್ಯಾಲ ನನ್ನಿಂದ ಏನ ಆತು?"

ಸಾಕ್ಷ್ಯ ಅವರ ಕಡೆಗಿತ್ತು. ಜೀವನದಲ್ಲಿ ಅಂಥ ಮಾತುಗಳನ್ನು ನಾನೇ ಹಲವರಿಗೆ ಹೇಳಿ ಗೆದ್ದಿದ್ದೆ. ಅಂದು ಅದೇ ವಾದ ಎದುರಿಗೆ ಬಂದು ನಿಂತಾಗ, ಅದರಲ್ಲಿ ತಪ್ಪು ಇದ್ದೇ ಇದೆ, ಎಲ್ಲಿದೆ ಎಂದು ಮಾತ್ರ ಸಿಗುತ್ತಿಲ್ಲ ಅನ್ನಿಸಿತು. ಅವರು ಪೆಟ್ಟಿಗೆ ಕಟ್ಟಿದರು.

ಮುಂಜಾನೆ ಗಾಡಿ ಬಂದು ನಿಂತಿತು. ಎತ್ತುಗಳಿಗೆ ಮೇವು ಹಾಕಿ ಗಾಡಿಯವನು ಬೀಡಿ ಹಚ್ಚಿದ್ದ. ಅಷ್ಟರಲ್ಲಿ ದುರಗಪ್ಪ ಓಡಿ ಬಂದ.

"ಸಾಹೇಬ್ರ, ನೀಲವ್ವ ಬರಾಕತ್ತಾಳ. ಓಣ್ಯಾನ ಹೆಣ್ಣಮಕ್ಕಳನ್ನ ಕರಕೊಂಡ ಬರಾಕತ್ತಾಳ."

ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು, ಸಪ್ಪಳವಿಲ್ಲದೆ ಸಾಲಾಗಿ ಬರುತ್ತಿದ್ದರು. ಎಷ್ಟು ಜನ? ನನ್ನ ನೆನಪಿನಲ್ಲಿ ಅಂಗಳ ತುಂಬಿತ್ತು. ಎಷ್ಟೋ ವರ್ಷಗಳ ಮೇಲೆ ಸವದತ್ತಿಯ ಸಂತೆಯಲ್ಲಿ ಸಿಕ್ಕ ದುರಗಪ್ಪ, "ಎಲ್ಲೀದ್ರಿ, ಒಂದ ಚಕ್ಕಡಿ ತುಂಬೂವಷ್ಟೂ ಇರಲಿಲ್ಲ" ಅಂದ. ಅವನ ಮಾತನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಹೆದರಿದ್ದೆ; ಹೆದರಿದವನಿಗೆ ಜನ ಹೆಚ್ಚು ಕಾಣುತ್ತಾರೆ. ಅವರು ಬೈಯಲು, ಬಹುಶಃ ಹೊಡೆಯಲು ಬಂದಿದ್ದಾರೆ ಎಂದೇ ನಾವು ಮೂವರೂ ತಿಳಿದೆವು. ಉಳಿಯುತ್ತಾಳೆ ಎಂದು ಮಾತು ಕೊಟ್ಟು ಸೊಸೆಯನ್ನು ಕಳೆದವರು ನಾವು.

ಡಾಕ್ಟರು ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಕೈಗಳನ್ನು ಎರಡೂ ಬದಿಗೆ ಇಳಿಬಿಟ್ಟು ನಿಂತರು.

"ಬೈಯ್ರಿ. ಏನ್ ಬೈತೀರಿ ಬೈಯ್ರಿ. ನಾ ಏನೂ ಅನ್ನೂದಿಲ್ಲ."

ನೀಲವ್ವ ಸೆರಗು ಸರಿಸಿ ಅವರ ಮುಖ ನೋಡಿದಳು. "ಬೈಯಾಕ ಬಂದಿಲ್ಲೋ ಯಪ್ಪಾ. ನಿಮ್ಮನ್ನ ಮಾತಾಡಸಾಕ ಬಂದೇವಿ."

ನಮ್ಮ ಕಡೆಯವರಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಸಾವಾದ ಮನೆಗೆ ನಂಟರು, ಓಣಿಯವರು ಹೋಗಿ ಕೂಡುತ್ತಾರೆ. ಅದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ಆ ಮನೆಯಲ್ಲಿ ಒಲೆ ಹೊತ್ತಿಸಿರುವುದಿಲ್ಲವಾಗಿ ಬಂದವರೇ ಬುತ್ತಿ ತರುತ್ತಾರೆ. ಸತ್ತವರು ಹೇಗೆ ಸತ್ತರು, ಕೊನೆಗೆ ಏನಂದರು ಎಂದು ಕೇಳುತ್ತಾರೆ. ಮನೆಯವರು ಹೇಳಬೇಕು. ಇನ್ನೊಂದು ಗುಂಪು ಬಂದರೆ ಮತ್ತೆ ಹೇಳಬೇಕು. ಹೇಳುತ್ತ ಅಳು ಬರುತ್ತದೆ. ಅತ್ತ ಮೇಲೆ, ಒಲ್ಲೆ ಎಂದರೂ ಬಿಡದೆ ತುತ್ತು ಬಾಯಿಗಿಟ್ಟು ಉಣಿಸಿ ಏಳುತ್ತಾರೆ. ಮಾತಾಡಿಸುವುದು ಸತ್ತವರ ಮನೆಯವರನ್ನು. ದವಾಖಾನೆಯವರನ್ನು ಮಾತಾಡಿಸಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಡಾಕ್ಟರಿಗೂ ತಿಳಿಯಲಿಲ್ಲ. "ಸತ್ತಾಕಿ ನಿನ್ನ ಸೊಸಿ. ಮಾತಾಡಸಬೇಕಾದ್ದು ನಿನ್ನ," ಅಂದರು.

"ನನ್ನ ಮಾತಾಡಿಸಿ ಹೋದ್ರಪ್ಪ ಎಲ್ಲಾರೂ. ನನಗ ಸತ್ತಾಕಿ ಒಬ್ಬಾಕಿ. ನಿಮ್ಮ ಕೈಯಾಗ ಎಷ್ಟ ಮಂದಿ ಹೋದ್ರು? ಅವರು ನಿಮಗ ಯಾರೂ ಅಲ್ಲೇನು? ನಮ್ಮ ಶಾಂತಾ ಹೋಗೂ ಮುಂದ ಆಕಿ ಕೈ ಹಿಡಿದಾಂವ ನೀ. ನಾ ಹೊರಗ ಕುಂತಿದ್ದೆ. ನಿಮ್ಮನ್ನ ಯಾರ್ ಬಂದು ಮಾತಾಡಿಸ್ಯಾರ?"

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಹೀಗೆ ಗುಂಪು ಕೂಡಿದರೆ ಬೇನೆ ಹಬ್ಬುತ್ತದೆ, ಮನೆಗೆ ಹೋಗಿರಿ ಎಂದು ಹೇಳಿದೆ. ಶಾಸ್ತ್ರದ ಪ್ರಕಾರ ನನ್ನ ಮಾತು ಸರಿಯೇ ಇತ್ತು. ನೀಲವ್ವನ ಜೊತೆಗೆ ಬಂದಿದ್ದ ದಪ್ಪನೆಯ ಹೆಂಗಸೊಬ್ಬಳು, "ಇಂವಾ ಯಾರವಾ, ಬಾಯೆಲ್ಲಾ ಕೆಂಪ ಮಾಡಕೊಂಡಾನ, ಎಲಿ ಅಡಿಕಿ ತಿಂದಾನೇನ?" ಅಂದಳು. ಕೆಂಪು ಔಷಧದ ಕಲೆ ಅದು. ನೀಲವ್ವ ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟಳು. "ದೂರ ದೂರ ಕುಂಡ್ರೂಣು. ಬಯಲಾಗ ಕುಂಡ್ರೂಣು" ಎಂದು ಎಲ್ಲರನ್ನೂ ಅಂಗಳದ ಬಿಸಿಲಿನಲ್ಲಿ ಬಿಡಿಬಿಡಿಯಾಗಿ ಕೂರಿಸಿದಳು. ಅಂದು ಬಂದವರಲ್ಲಿ ಯಾರಿಗಾದರೂ ನಮ್ಮಿಂದ ಬೇನೆ ತಗುಲಿತೋ ಏನೋ. ನಾನು ವಿಚಾರಿಸಲಿಲ್ಲ. ಈಗ ವಿಚಾರಿಸಲು ದಾರಿಯಿಲ್ಲ.

"ಹೇಳ್ರಿ ಯಪ್ಪಾ," ಅಂದಳು ನೀಲವ್ವ. "ಯಾರ್ ಯಾರ್ ಹೋದ್ರು? ಹೆಂಗ್ ಹೋದ್ರು?"

ಡಾಕ್ಟರು ಬೇವಿನ ಕಡೆಗೆ ಕೈ ಮಾಡಿದರು. ಹೆಂಗಸರು ಬಂದರೆಂದು ದುರಗಪ್ಪ ದೂರ ಸರಿದು ಅದರ ಬುಡದಲ್ಲಿ ನಿಂತಿದ್ದ.

"ಮಾತಾಡಸೂದಿದ್ರ ಮೊದಲ ಅವನ್ನ ಮಾತಾಡಸ್ರಿ. ಅವನ ತಮ್ಮ ಹೋದ. ನಿಮ್ಮ ಮನಿ ಮಂದೀನ್ನ ಹೊತ್ತು ಹೊತ್ತು ಹೋದ. ಮರುದಿನಾನ ಇಂವಾ ಕೆಲಸಕ್ಕ ಬಂದ. ನಾನೂ ಕೇಳಲಿಲ್ಲ."

ಯಾರೂ ಅಲುಗಾಡಲಿಲ್ಲ. ಆ ಕಾಲದಲ್ಲಿ ಒಕ್ಕಲಿಗರ ಹೆಂಗಸರು ಕೇರಿಯವನೊಬ್ಬನನ್ನು ಮಾತಾಡಿಸಲು ಹೋಗಿ ಕೂಡುವುದು ಎಂದರೇನೆಂದು ತಿಳಿದವರಿಗೆ ತಿಳಿದೀತು. ಸೆರಗಿನೊಳಗೆ ಏನೋ ಗುಸುಗುಸು ನಡೆಯಿತು. ದುರಗಪ್ಪನೇ ಗಾಬರಿಯಾಗಿ, "ಬ್ಯಾಡ ಬಿಡ್ರಿ ಸಾಹೇಬ್ರ, ಅದೇನ್ ದೊಡ್ಡದು" ಅಂದ.

ನೀಲವ್ವ ಮೊಣಕಾಲಿಗೆ ಕೈ ಊರಿ ಎದ್ದಳು. ಬೇವಿನ ಹತ್ತಿರ ಹೋದಳು. ಅವನ ಎದುರಿಗೆ, ತೀರ ಹತ್ತಿರವೇನಲ್ಲ, ನಾಲ್ಕು ಮಾರು ಬಿಟ್ಟು, ಮಣ್ಣಿನಲ್ಲಿ ಕೂತಳು.

"ತಮ್ಮಗ ಏನ್ ವಯಸ್ಸ ಆಗಿತ್ತೋ, ದುರಗಪ್ಪಾ?"

"ಎಲ್ಲಿ ಗೊತ್ತಬೇ. ನಾ ಎತ್ತಿ ಆಡಿಸಿದ್ದೆ."

"ಏನರ ಅಂದ್ನೇನು, ಹೋಗೂ ಮುಂದ?"

"ನೀರ ಕೇಳಿದ. ಕೊಟ್ಟೆ. 'ಅಣ್ಣಾ, ನಾಳೆ ಆ ಮೂಲ್ಯಾಗಿನ ಗ್ವಾಡಿ ನಾ ಬಳೀತೇನಿ, ನೀ ಸೊಟ್ಟ ಬಳೀತಿ' ಅಂದ." ದುರಗಪ್ಪ ನಗಲು ಹೋದ. ನಗು ಬರಲಿಲ್ಲ. ಕೆಳಗೆ ಕುಸಿದು ಕೂತು, ಬಾಯಿಗೆ ರುಮಾಲು ಒತ್ತಿಕೊಂಡು ಅತ್ತ.

ಆಗ ಡಾಕ್ಟರು ಮೆಟ್ಟಿಲ ಮೇಲೆ ಕೂತರು. ಅವರು ಅತ್ತರೇ? ಅತ್ತರೆಂದೇ ನಾನು ಯಾವಾಗಲೂ ಹೇಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಆದರೆ ಅವರು ಮಾತಾಡಿದ್ದನ್ನು ಕೇಳಿದ್ದೇನೆ. ಸತ್ತ ಒಬ್ಬೊಬ್ಬರ ಸುದ್ದಿಯನ್ನೂ ಹೇಳಿದರು. ಯಾವ ಊರು, ಯಾವ ಗೋಡೆಯ ಬದಿಗೆ ಮಲಗಿದ್ದರು, ಕೊನೆಗೆ ಯಾರನ್ನು ಕರೆದರು. ಮುಖ ನೋಡುವುದನ್ನು ಬಿಟ್ಟಿದ್ದಾರೆಂದು ನಾನು ತಿಳಿದಿದ್ದೆನಲ್ಲ, ಎಲ್ಲರ ಮುಖವೂ ಅವರಲ್ಲಿತ್ತು. ಹೆಂಗಸರು "ಅಯ್ಯ ಶಿವನ", "ಹೌದೇನಪ್ಪಾ" ಎನ್ನುತ್ತ ಕೇಳಿದರು. ಶಾಂತವ್ವನ ಸರದಿ ಬಂದಾಗ ಡಾಕ್ಟರ ಮಾತು ನಿಂತುಬಿಟ್ಟಿತು. ಆಗ ನೀಲವ್ವ ಬೇವಿನ ಬುಡದಿಂದಲೇ ಸೊಸೆಯ ಸುದ್ದಿಯನ್ನು ಮುಂದುವರಿಸಿ ಹೇಳಿದಳು.

ಬುತ್ತಿ ಬಿಚ್ಚಿದರು. ನೀಲವ್ವನ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲವಾಗಿ ಅದು ಓಣಿಯವರ ರೊಟ್ಟಿ. ಜೋಳದ ರೊಟ್ಟಿ, ಝುಣಕ, ಗುರೆಳ್ಳಿನ ಹಿಂಡಿ. "ನನಗ ಸೇರೂದಿಲ್ಲ" ಅಂದರು ಡಾಕ್ಟರು. "ಸೇರಬೇಕಂತ ಯಾರ ಕೇಳ್ಯಾರ? ಉಣ್ಣು," ಎಂದು ಆ ದಪ್ಪನೆಯ ಹೆಂಗಸು ರೊಟ್ಟಿ ಮುರಿದು ಅವರ ಕೈಗಿಟ್ಟಳು. ಉಂಡರು. ದುರಗಪ್ಪನಿಗೆ ರೊಟ್ಟಿಯನ್ನು ಕೈ ತಾಕದಂತೆ ಮೇಲಿಂದಲೇ ಹಾಕಿದರು. ಅದನ್ನೂ ಬರೆಯಬೇಕು, ನನ್ನ ಕೃತಜ್ಞತೆ ಅದನ್ನು ಮುಚ್ಚಬಾರದು. ಅಷ್ಟು ದೂರ ಬಂದವರು ಅಷ್ಟರಲ್ಲೇ ನಿಂತರು. ಆದರೆ ಬಂದರು.

ಹೆಂಗಸರು ಎದ್ದುಹೋದ ಮೇಲೆ ಗಾಡಿಯವನು, "ಸಾಹೇಬ್ರ, ಹೂಡ್ಲಿ ಏನು?" ಎಂದು ಕೇಳಿದ. ಡಾಕ್ಟರು ಒಳಗೆ ಹೋಗಿ, ಗುಣವಾಗಿ ಕೂತಿದ್ದ, ಚಚಡಿ ಎಂಬ ಹಳ್ಳಿಯ ತಾಯಿ-ಮಗಳನ್ನು ಕರೆತಂದು ಗಾಡಿಯಲ್ಲಿ ಕೂರಿಸಿದರು. "ಇವರನ್ನ ಮನಿ ಮುಟ್ಟಿಸು," ಅಂದರು. ಅಷ್ಟೇ. ಆಮೇಲೆ ನಡುಮಧ್ಯಾಹ್ನ, ಸಾಲೆಯ ಜಗಲಿಯ ಮೇಲೆ ಗೋಡೆಗೆ ಒರಗಿ, ಗೊರಕೆ ಹೊಡೆಯುತ್ತ ನಿದ್ದೆ ಮಾಡಿದರು. ಯಾರೂ ಎಬ್ಬಿಸಲಿಲ್ಲ. ನಾನೂ ದುರಗಪ್ಪನೂ ಕೂಡಿ ಪಟ್ಟಿ ಕಟ್ಟಿದೆವು.

ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಒಂದೊಂದು ದಿನ ಒಂದೊಂದು ಓಣಿಯವರು. ಬಯಲಿನಲ್ಲಿ ಕೂತು, "ಯಾರ್ ಹೋದ್ರು?" ಎಂದು ಕೇಳುವರು, ಬುತ್ತಿ ಬಿಚ್ಚುವರು. ಸತ್ತವರು ಇಲ್ಲದ ದಿನವೂ ಬಂದರು. ಅಂದು ಉಳಿದವರ ಸುದ್ದಿ ಕೇಳಿದರು. ಡಾಕ್ಟರ ಬೆರಳುಗಳ ಬಿರುಕುಗಳು ಮೆಲ್ಲಗೆ ಕೂಡಿದವು. ನಾನೂ ಒಂದು ದಿನ ನನ್ನ ಕೈಯಲ್ಲಿ ಔಷಧ ಕುಡಿಯುತ್ತಲೇ ಹೋದವನೊಬ್ಬನ ಸುದ್ದಿ ಹೇಳಿದೆ. ಹೇಳುವಾಗ ಯಾವ ವಾದವೂ ನೆನಪಾಗಲಿಲ್ಲ. ಔಷಧದಿಂದ ಎಷ್ಟು ಜನ ಉಳಿದರೋ ನಾನರಿಯೆ. ಔಷಧ ಕೊಡುವವರು ಉಳಿದದ್ದು ಮಾತ್ರ ಆ ಹೆಂಗಸರಿಂದ. ಇದನ್ನು ಸಾಧಿಸಿ ತೋರಿಸಲಾರೆ, ಆದರೂ ಬರೆದಿದ್ದೇನೆ.

ಬೇನೆ ಇಳಿಮುಖವಾದ ಹೊತ್ತಿನಲ್ಲಿ ನಾನೇ ಬಿದ್ದೆ. ಆ ದಿನಗಳ ಬಗ್ಗೆ ನನ್ನ ನೆನಪು ಯಾವ ಕೋರ್ಟಿನಲ್ಲೂ ನಿಲ್ಲುವಂಥದಲ್ಲ. ಗೋಡೆ ಉಸಿರಾಡಿದಂತೆ ಕಂಡದ್ದು, ಎದೆಯ ಮೇಲಿನ ಬಿಸಿ ಪಟ್ಟಿ, ಇಷ್ಟೇ. ತಂದೆಯವರಿಗೆ ಸುದ್ದಿ ಮುಟ್ಟಿ ಬೈಲಹೊಂಗಲದಿಂದ ಬಂದರು. ಮುಂದಿನದು ಅವರೇ ನನಗೆ ಹೇಳಿದ್ದು. ಡಾಕ್ಟರ ಕೈ ಹಿಡಿದು, "ನನ್ನ ಮಗಾ ಉಳೀತಾನೇನ್ರಿ?" ಎಂದು ಕೇಳಿದರಂತೆ.

"ಉಳೀತಾನ ಅಂತ ಹೇಳೂದಿಲ್ಲರಿ. ನಾ ಇಲ್ಲೇ ಇರ್ತೇನಿ ಅಂತ ಹೇಳತೇನಿ," ಅಂದರಂತೆ.

ನಮ್ಮ ತಂದೆಯವರು ಮಾತಿಗೆ ಬಣ್ಣ ಕಟ್ಟುವವರಲ್ಲ. ಇದನ್ನು ನಂಬುತ್ತೇನೆ.

ನಾನು ಕಣ್ಣು ಬಿಟ್ಟಾಗ ಮಧ್ಯಾಹ್ನ. ಬಾಗಿಲಾಚೆಯ ಬಿಸಿಲಿನಲ್ಲಿ ಹೆಂಗಸರು ಕೂತಿದ್ದರು. ಡಾಕ್ಟರು ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ, ಸಣ್ಣ ದನಿಯಲ್ಲಿ ಯಾರದೋ ಸುದ್ದಿ ಹೇಳುತ್ತಿದ್ದರು. "ಓದಿದಾಂವ, ಶಾಣ್ಯಾ" ಎಂದೇನೋ ಕೇಳಿಸಿತು. ನಾನು ಸತ್ತಿದ್ದೇನೆ, ನನ್ನ ಸುದ್ದಿಯನ್ನೇ ಹೇಳುತ್ತಿದ್ದಾರೆ ಅನ್ನಿಸಿತು. ಅದು ಹೌದೋ ಅಲ್ಲವೋ ಎಂದು ಮಲಗಿದಲ್ಲೇ ವಿಚಾರ ಮಾಡಹತ್ತಿದೆ. ತಂದೆಯವರು ಪಕ್ಕದಲ್ಲಿ ತೂಕಡಿಸುತ್ತಿದ್ದರು. ಸುಣ್ಣದ ಬಕೀಟು ಹಿಡಿದು ಒಳಗೆ ಬಂದ ದುರಗಪ್ಪ ನನ್ನ ಮುಖ ನೋಡಿ, ಬಕೀಟು ಕೆಳಗಿಟ್ಟು ಕೂಗಿದ:

"ಸಾಹೇಬ್ರ, ಕಾಲೇಜಿನಾಂವ ಕಣ್ಣ ಬಿಟ್ಟಾನ! ಇನ್ನ ಮುಗೀತ ನೋಡ್ರಿ, ವಾದಾ ಚಾಲೂ ಮಾಡ್ತಾನ!"

ಡಾಕ್ಟರು ತಿರುಗಿದರು. ಹೊರಗೆ ಮೊದಲು ನಕ್ಕವಳು ನೀಲವ್ವ. ಮಾತಾಡಿಸಲು ಬಂದವರು ನಗುವ ಪದ್ಧತಿಯಿಲ್ಲ. ಅಂದು ಎಲ್ಲರೂ ನಕ್ಕರು.